ಲೆಕ್ಕಕ್ಕೆ ಸಿಗದ ಕೇರೆ

ನಮ್ಮ ತೋಟದಲ್ಲಿ ಇಲಿ ಹಿಡಿಯೋದು ಯಾರು? ಕಳೆದ ಬೇಸಿಗೆಯಲ್ಲಿ ಊರಿಂದಲೇ ಕೆಲಸ ಮಾಡುತ್ತಿದ್ದಾಗ ತಲೆಗೆ ಹೊಕ್ಕ ಪ್ರಶ್ನೆ ಇದು. ಎಳನೀರಿನ ತೊಟ್ಟಿನ ಹತ್ತಿರ ತೂತು, ಕೊಕ್ಕೋ ಕಾಯಿ ಕೊರೆದು ಖಾಲಿ. ಅಪ್ಪ ವಿಷದ ಬಿಲ್ಲೆ ಇಡುವ ಯೋಚನೆಯಲ್ಲಿದ್ದರು. ನಾನು ಬೇಡ ಅಂದೆ. ಬ್ರೊಮಡಯೋಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದೆ, ಕೆಲವು ದಿನ ನಿತ್ರಾಣವಾಗಿ ಓಡಾಡುತ್ತದೆ. ಅದನ್ನು ತಿಂದ ಗೂಬೆಯೂ ಸಾಯಬಹುದು. ಮೊದಲು ನಮ್ಮ ಪರವಾಗಿ ಯಾರ್ಯಾರು ದುಡೀತಿದ್ದಾರೆ ನೋಡೋಣ ಅಂದೆ.

ಒಂದು ಟ್ರೇಲ್ ಕ್ಯಾಮೆರಾ ತರಿಸಿ ಮರಕ್ಕೆ ಕಟ್ಟಿದೆ. ಮೂರು ವಾರದಲ್ಲಿ ಬೆಕ್ಕು 11 ಸಲ, ಮುಂಗುಸಿ 4 ಸಲ. ಪಂಪ್‌ಶೆಡ್ಡಿನ ಕೆಳಗೆ ಕಣಜ ಗೂಬೆ ಕಕ್ಕಿದ ಉಂಡೆಗಳಿದ್ದವು. ನೀರಲ್ಲಿ ನೆನೆಸಿ ಬಿಡಿಸಿದರೆ ಕೂದಲು, ಮೂಳೆ, ಇಲಿಯ ಪುಟ್ಟ ತಲೆಬುರುಡೆ. ಹಾವು: ಸೊನ್ನೆ. ಎಕ್ಸೆಲ್ ಶೀಟ್ ಮಾಡಿ ಅಪ್ಪನಿಗೆ ತೋರಿಸಿದೆ.

ಎರಡು ದಿನ ಕಳೆದು ತೋಟದಂಚಿನ ಕೊಟ್ಟಿಗೆಯಲ್ಲಿ ಕೇರೆ ಹಾವು ಕಾಣಿಸಿತು. ಕೆಲಸಕ್ಕೆ ಬಂದವರು ದೊಣ್ಣೆ ಹಿಡಿದು, "ಹೊಡೀಲಾ?" ಅಂದರು. ಅದಕ್ಕೆ ವಿಷವಿಲ್ಲ ಅಂತ ಚಿಕ್ಕಂದಿನಿಂದ ಗೊತ್ತು. ಆದರೆ ಕಿವಿಯಲ್ಲಿ ಆಫೀಸಿನ ಕಾಲ್, ತಲೆಯಲ್ಲಿ ಆ ಸೊನ್ನೆ. "ನೋಡಿ, ನಿಮ್ಮಿಷ್ಟ" ಅಂದುಬಿಟ್ಟೆ.

ಸತ್ತ ಹಾವಿನ ಹೊಟ್ಟೆ ಉಬ್ಬಿತ್ತು. ಅಪ್ಪ ಕತ್ತಿಯಲ್ಲಿ ಸೀಳಿದರು. ಒಳಗೆ ಇಡೀ ಇಲಿ.

ಆಮೇಲೆ ಓದಿ ತಿಳಿದೆ. ಆ ಥರದ ಕ್ಯಾಮೆರಾ ಎಚ್ಚರವಾಗುವುದು ಬಿಸಿ ಮೈಯೊಂದು ಮುಂದೆ ಸರಿದಾಗ. ಹಾವಿನ ಮೈ ಹೆಚ್ಚಾಗಿ ನೆಲದಷ್ಟೇ ಬಿಸಿ ಇರುವುದರಿಂದ ಅದು ಎದುರೇ ಹರಿದು ಹೋದರೂ ಕ್ಯಾಮೆರಾ ಏಳದೇ ಇರಬಹುದು. ಗೂಬೆಯ ಹಾಗೆ ಕೇರೆ ಉಂಡೆ ಕಕ್ಕಿ ಲೆಕ್ಕ ಒಪ್ಪಿಸುವುದೂ ಇಲ್ಲ. ಬಿಲಕ್ಕೇ ನುಗ್ಗಿ ನುಂಗಿ ಹೋಗುತ್ತದೆ. ಲಾಗ್‌ನಲ್ಲಿ ಇಲ್ಲ ಅಂದಮಾತ್ರಕ್ಕೆ ನಡೆದೇ ಇಲ್ಲ ಅಂತಲ್ಲ ಎಂದು ಜೂನಿಯರ್‌ಗಳಿಗೆ ಪಾಠ ಹೇಳುವವನು ನಾನೇ.

ಡೇಟಾ ತಪ್ಪಿತ್ತು ಅಂತ ಇಲ್ಲಿಗೇ ಮುಗಿಸಬಹುದು. ಅಪ್ರೈಸಲ್‌ನಲ್ಲಿ ಸದ್ದಿಲ್ಲದೆ ಕೆಲಸ ಮಾಡುವವರ ಕಥೆಯೂ ಇದೇ ಅಂತ ಸೇರಿಸಿದರೆ ನೀವೂ ತಲೆಯಾಡಿಸುತ್ತೀರಿ. ಆದರೆ ನನ್ನನ್ನು ಚುಚ್ಚುವ ಪ್ರಶ್ನೆ ಬೇರೆ. ಆ ಹೊಟ್ಟೆ ಖಾಲಿ ಇದ್ದಿದ್ದರೆ? ಒಳಗೆ ಇಲಿಯ ಬದಲು ಕಪ್ಪೆಯೋ, ನಮ್ಮದೇ ಕೋಳಿಮರಿಯೋ ಸಿಕ್ಕಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿತ್ತಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ. ಇಲಿ ಕೊಲ್ಲುವವರ ಪಟ್ಟಿ ಮಾಡಲು ಹೊರಟವನು ಗೊತ್ತಿಲ್ಲದೇ ತೋಟದಲ್ಲಿ ಬದುಕಲು ಯೋಗ್ಯರಾದವರ ಪಟ್ಟಿ ಮಾಡಿಟ್ಟಿದ್ದೆ.

"ಅದು ಮೂರು ವರ್ಷದಿಂದ ಆ ಗೋಡೆಯ ಸಂದಿನಲ್ಲೇ ಇತ್ತು" ಅಂದರು ಅಪ್ಪ. ಅವರು ಅದರ ಉಪಯೋಗ ಏನು ಅಂತ ಒಂದು ದಿನವೂ ಕೇಳಿದವರಲ್ಲ. ಇತ್ತು, ಅಷ್ಟೇ.

ಶೀಟ್ ಇನ್ನೂ ಲ್ಯಾಪ್‌ಟಾಪಿನಲ್ಲಿದೆ. ಸೊನ್ನೆಯನ್ನು ಒಂದು ಅಂತ ತಿದ್ದಲು ಹೋದೆ, ಕೈ ಬರಲಿಲ್ಲ.