ಪ್ರಾರಬ್ಧವೆಂಬ ಮಾತು

ಪರರ ದುಃಖಕ್ಕೆ ಕಾರಣವನ್ನು ಹೇಳುವ ಅಧಿಕಾರ ನಮಗುಂಟೆ? ಈ ಜಿಜ್ಞಾಸೆಯನ್ನು ನಮ್ಮಲ್ಲಿ ಹುಟ್ಟಿಸಿದವರು ಒಬ್ಬ ತಾಯಿ. ಗುರುಗಳ ಆರಾಧನೆಯ ದಿನ, ಹಸ್ತೋದಕವಾಗಿ ಪಂಕ್ತಿಗೆ ಎಲೆ ಹಾಕುತ್ತಿದ್ದ ಹೊತ್ತಿನಲ್ಲಿ, ಆಕೆ ಮಹಾದ್ವಾರದ ಹೊರಗೆ ಆಟೋರಿಕ್ಷಾದಲ್ಲಿಯೇ ಕುಳಿತಿದ್ದರು. ಮಡಿಲಲ್ಲಿ ಹದಿಮೂರು ವರ್ಷದ ಮಗ. ಸೆರೆಬ್ರಲ್ ಪಾಲ್ಸಿಯಿಂದ ಅವನ ಕೈಕಾಲುಗಳು ಸ್ವಾಧೀನದಲ್ಲಿಲ್ಲ, ಮಾತಿಲ್ಲ, ಜೊತೆಗೆ ಅಪಸ್ಮಾರ. ಜಾಗಟೆಯ ಸದ್ದಿಗೆ ಬೆಚ್ಚಿ ಮೈಯೆಲ್ಲ ಸೆಟೆದುಕೊಳ್ಳುವುದರಿಂದ ಮಂಗಳಾರತಿಗೆ ಒಳಗೆ ಬರುವಂತಿಲ್ಲ. ನಾವು ತೀರ್ಥಪ್ರಸಾದವನ್ನು ಅಲ್ಲಿಗೇ ಒಯ್ದು, ಏನಾದರೂ ಹೇಳಬೇಕಲ್ಲ ಎಂದು, "ಪ್ರಾರಬ್ಧ ತಾಯಿ, ಅನುಭವಿಸಿಯೇ ತೀರಬೇಕು" ಎಂದೆವು. ಆಕೆ ಶಾಂತವಾಗಿಯೇ ಉತ್ತರಿಸಿದರು: "ಅದು ನನಗೂ ಗೊತ್ತು, ಆಚಾರ್ಯರೇ. ನಾಡಿದ್ದು ನಮ್ಮತ್ತೆಯವರ ಶ್ರಾದ್ಧ. ಇವರು ಕರ್ತೃಗಳು. ನಾನು ಮಡಿಯಲ್ಲಿ ಅಡಿಗೆಗೆ ನಿಂತರೆ ಇವನನ್ನು ಎತ್ತುವವರು ಯಾರು? ಅದನ್ನು ಹೇಳಿ."

ಪಾಠಶಾಲೆಯಲ್ಲಿ ಕಲಿತುದಾಗಲಿ ಬಿ.ಎ. ತರಗತಿಯಲ್ಲಿ ಓದಿದುದಾಗಲಿ ಆಗ ನಮ್ಮ ನೆರವಿಗೆ ಬರಲಿಲ್ಲ.

ಪ್ರಾರಬ್ಧವು ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಯಾವ ಜೀವನಿಗೆ ಯಾವ ಕರ್ಮವು ಯಾವ ಫಲವನ್ನೀಯುತ್ತದೆಂಬುದನ್ನು ಬಲ್ಲವನು ಸರ್ವಜ್ಞನಾದ ಶ್ರೀಹರಿಯೊಬ್ಬನೇ. ತನ್ನ ಕಷ್ಟದಲ್ಲಿ ತಾನೇ ಆಡಿಕೊಂಡರೆ ಆ ಮಾತು ಸಹನೆಯನ್ನು ಕೊಡುತ್ತದೆ. ಅದನ್ನೇ ನೆರೆಯವರ ಅಂಗಳದಲ್ಲಿ ನಿಂತು ಆಡಿದರೆ ಅಪವಾದವಾಗುತ್ತದೆ. ಗ್ರಹಣದಲ್ಲಿ ಹೊರಗೆ ಬಂದಳೆಂದು ತಾಯಿಯನ್ನು ದೂರುವವರು ಇಂದಿಗೂ ಇದ್ದಾರೆ. ಅವಧಿಗೆ ಮುನ್ನ ಜನನ, ಹುಟ್ಟುವಾಗ ಮೆದುಳಿಗೆ ಪ್ರಾಣವಾಯು ಸಾಲದಿರುವುದು, ತೀವ್ರ ಕಾಮಾಲೆ, ಸೋಂಕು, ಇಂಥವು ವೈದ್ಯರು ಕಂಡಿರುವ ಕಾರಣಗಳು. ಎಷ್ಟೋ ವೇಳೆ ಅವರಿಗೂ ಕಾರಣ ತಿಳಿಯುವುದಿಲ್ಲ. ದಿನವೊಂದಕ್ಕೆ 21,600 ಶ್ವಾಸಗಳಲ್ಲಿ ಹಂಸಮಂತ್ರಜಪವನ್ನು ಮುಖ್ಯಪ್ರಾಣದೇವರು ಎಲ್ಲ ಜೀವರಲ್ಲಿಯೂ ನಡೆಸುತ್ತಾರೆಂದು ನಂಬಿರುವ ನಾವು, ಆ ಬಾಲಕನ ಎದುರಿನಲ್ಲಿಯೇ "ಪಾಪದ ಫಲ" ಎಂದು ಹೇಗೆ ನುಡಿಯುತ್ತೇವೆ?

ಭಾಗವತದ ಪಂಚಮಸ್ಕಂಧದ ಜಡಭರತನ ಕಥೆಯನ್ನು ಪ್ರವಚನಗಳಲ್ಲಿ ಎಲ್ಲರೂ ಕೇಳಿದ್ದೇವೆ. ಆತನು ಜ್ಞಾನಿ, ಜಡನಂತೆ ತೋರಿಕೊಂಡವನು. ಆದುದರಿಂದ "ನಿಮ್ಮ ಮಗನೂ ಜಡಭರತನೇ" ಎಂದು ತಾಯಿತಂದೆಗಳಿಗೆ ಹೇಳಹೋಗುವುದು ಬೇಡ. ನಾವು ನೋಡಬೇಕಾದುದು ಆತನ ತಂದೆಯನ್ನು. ಮಗ ಜಡನೆಂದು ಕಂಡರೂ ಉಪನಯನ ಮಾಡಿದ. ಚೈತ್ರದಿಂದ ನಾಲ್ಕು ತಿಂಗಳು ಗಾಯತ್ರಿಯನ್ನು ಹೇಳಿಕೊಟ್ಟರೂ ಮಗನಿಗೆ ಬರಲಿಲ್ಲ. ಆದರೂ ತಂದೆ ಕೈಬಿಡಲಿಲ್ಲ. (ಇಂಥ ವಟುವಿಗೆ ಉಪನಯನವೇ ಇಲ್ಲವೆನ್ನುವವರು ಬೌಧಾಯನ ಗೃಹ್ಯಶೇಷಸೂತ್ರವನ್ನು ನೋಡಬೇಕು, ಮೂಕ, ಬಧಿರ, ಜಡರ ಉಪನಯನಕ್ಕೆ ಅಲ್ಲಿ ಪ್ರತ್ಯೇಕ ವಿಧಾನವಿದೆ.) ಮುಂದೆ ತಂದೆ ತೀರಿಕೊಂಡ, ತಾಯಿಯೂ ಮಕ್ಕಳನ್ನು ಸವತಿಗೆ ಒಪ್ಪಿಸಿ ಪತಿಯನ್ನು ಅನುಸರಿಸಿದಳು. ಅಣ್ಣಂದಿರೋ ಪಾಠವನ್ನು ನಿಲ್ಲಿಸಿ, ಹೊಟ್ಟೆಗೆ ಹಾಕಿದ್ದಕ್ಕೆ ಗದ್ದೆಯ ಕೆಲಸಕ್ಕೆ ಹಚ್ಚಿದರು. ಅವರು ವೇದವಿದರೇ ಆಗಿದ್ದರು.

"ನಮ್ಮ ಕಾಲಾನಂತರ ಇವನಿಗೆ ಯಾರು?" ಎಂದು ಇಂದಿನ ತಾಯಿತಂದೆಗಳು ರಾತ್ರಿಯೆಲ್ಲ ಚಿಂತಿಸುವುದು ಈ ಅಣ್ಣಂದಿರನ್ನು ನೆನೆದೇ. ಮಗನಿಗೆ ಹದಿನೆಂಟು ತುಂಬಿದ ಮೇಲೆ ಕಾನೂನಿನಂತೆ ಪಾಲಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಅವಕಾಶವಿದೆ. ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಅದೇ ಟ್ರಸ್ಟಿನ 'ನಿರಾಮಯ' ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಗಳವರೆಗೆ ಆರೋಗ್ಯವಿಮೆಯೂ ಉಂಟು. ಓಡಾಡಲು ಪುರಸೊತ್ತಿಲ್ಲದ ಆ ತಂದೆಯ ಪರವಾಗಿ, ಕಚೇರಿಯ ವ್ಯವಹಾರ ಬಲ್ಲ ನಮ್ಮ ನಿವೃತ್ತ ಹಿರಿಯರೊಬ್ಬರು ಕಾಗದಪತ್ರ ಹಿಡಿದು ನಿಂತರೆ ಎಷ್ಟೋ ಉಪಕಾರ.

ಶ್ರಾದ್ಧದ ದಿನ ನಮ್ಮ ಮನೆಯವರು ಅವರಲ್ಲಿಗೆ ಹೋದರು. ಹಿಂದಿನ ದಿನವೇ ಹೋಗಿ ಕಲಿತುಕೊಂಡಿದ್ದರು: ಅನ್ನವನ್ನು ನುಣ್ಣಗೆ ಹಿಸುಕಿ, ಬೆನ್ನು ನೆಟ್ಟಗಿರಿಸಿ, ಒಂದೊಂದೇ ಚಮಚ, ಒಂದು ಊಟಕ್ಕೆ ಮುಕ್ಕಾಲು ಗಂಟೆ. ನೀರಿನಂಥ ತೆಳು ಪದಾರ್ಥ ಶ್ವಾಸನಾಳಕ್ಕೆ ಇಳಿಯುವ ಭಯವಿರುವುದರಿಂದ ತೀರ್ಥವನ್ನು ಪ್ರೋಕ್ಷಿಸಿದರೆ ಸಾಕೆಂಬುದು ನಮಗೆ ತಿಳಿದುದೂ ಆಗಲೇ. ಅಪಸ್ಮಾರದ ಔಷಧವನ್ನು ಏಕಾದಶಿಯೆಂದು ತಪ್ಪಿಸಲಾಗದು. ಪಿಂಡಪ್ರದಾನ ಮುಗಿದು ಆ ತಾಯಿ ಹೊರಗೆ ಬಂದಾಗ ಮಗ ನಮ್ಮ ಮನೆಯವರ ತೋಳಿನ ಮೇಲೆ ನಿದ್ರಿಸುತ್ತಿದ್ದ. ಆಕೆ ಅವನನ್ನು ಎಬ್ಬಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಎಲೆಯ ಮುಂದೆ ನಿಧಾನವಾಗಿ ಕುಳಿತು ಊಟ ಮಾಡಿದರಂತೆ.

ಪ್ರವಚನಮಂದಿರದ ಹಿಂಬಾಗಿಲಿಗೆ ಮೆಟ್ಟಿಲುಗಳಿಲ್ಲ, ಅಲ್ಲಿಗೆ ಜಾಗಟೆಯ ಸದ್ದೂ ಅಷ್ಟಾಗಿ ಕೇಳದು. ಮಧ್ವನವಮಿಯಿಂದ ಆ ಬಾಗಿಲನ್ನು ತೆರೆದಿಡಲಾಗುವುದು. ವಾರಕ್ಕೆ ಎರಡು ಗಂಟೆ ಇಂಥ ಮನೆಗಳಲ್ಲಿ ಕುಳಿತುಕೊಳ್ಳಲು ಸಿದ್ಧರಿರುವವರು ದ್ವಾದಶಿಯ ಪಾರಣೆಯ ನಂತರ ನಮ್ಮನ್ನು ಕಾಣಬಹುದು. ಈವರೆಗೆ ನಾಲ್ವರು ಹೆಸರು ಕೊಟ್ಟಿದ್ದಾರೆ.