ಮಾತು ಬಾರದವನ ವೇದನೆಗೆ ಪ್ರಮಾಣವೇನು?

ರೋಗಿಯನ್ನು ನೋಡಿ, ಮುಟ್ಟಿ, ಕೇಳಿ ಪರೀಕ್ಷಿಸಬೇಕೆಂದು ಆಯುರ್ವೇದಾಚಾರ್ಯರು ವಿಧಿಸಿರುವರು. ದರ್ಶನ ಸ್ಪರ್ಶನಗಳಿಗೆ ವೈದ್ಯನ ಕಣ್ಣೂ ಕೈಯೂ ಸಾಕು. ಪ್ರಶ್ನಕ್ಕಾದರೋ ರೋಗಿಯ ಉತ್ತರವು ಬೇಕು. ನೋವು ಅನುಭವಿಸುವವನಿಗೆ ಮಾತ್ರ ಪ್ರತ್ಯಕ್ಷವು. ಇತರರು ಅದನ್ನು ಅನುಮಾನದಿಂದಲೋ ಶಬ್ದದಿಂದಲೋ ತಿಳಿಯತಕ್ಕುದು. ಹಾಗಾದರೆ ಬಾಲ್ಯದಿಂದಲೇ ಗ್ರಹಣಶಕ್ತಿಯು ಕುಂಠಿತವಾಗಿ, ಪ್ರಾಯ ಬಂದರೂ ಮಾತು ಕೂಡಿಬಾರದವನ ವೇದನೆಗೆ ಪ್ರಮಾಣವು ಯಾವುದು?

ಇದು ಬರಿಯ ತರ್ಕದ ವಿಷಯವಲ್ಲ. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಇಂತಹವರ ಮರಣಗಳನ್ನು ವಿಚಾರಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಗಂಡಸರು ಸಾಮಾನ್ಯ ಜನರಿಗಿಂತ ಸುಮಾರು 13 ವರ್ಷ, ಹೆಂಗಸರು 20 ವರ್ಷ ಮುಂಚಿತವಾಗಿ ಮೃತರಾಗಿದ್ದರು. ಕಾರಣಗಳು ಹಲವು; ರೋಗನಿರ್ಣಯದಲ್ಲಿ ಆದ ವಿಳಂಬವೂ ಅವುಗಳಲ್ಲೊಂದು. ಹಲ್ಲುನೋವಿನಿಂದ ತಲೆಯನ್ನು ಬಡಿದುಕೊಳ್ಳುವವನನ್ನು ಕಂಡು ‘ಇದು ಇವನ ಸ್ವಭಾವ’ ಎಂದುಬಿಡುವುದು ಬಹು ಸುಲಭ.

ಈ ಕೊರತೆಯನ್ನು ನೀಗಲು ಕೆಲವು ಸಾಧನಗಳು ಹುಟ್ಟಿವೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ‘ಟಾಕಿಂಗ್ ಮ್ಯಾಟ್ಸ್’ ಎಂಬುದು ಪ್ರಸಿದ್ಧವಾಗಿದೆ. ನಿದ್ರೆ, ಆಹಾರ, ನಡಿಗೆ ಮೊದಲಾದವುಗಳ ಚಿತ್ರಗಳನ್ನು ಒಂದೊಂದಾಗಿ ಕೊಟ್ಟರೆ, ಅವನು ಅವುಗಳನ್ನು ಚಾಪೆಯೊಂದರ ಮೇಲೆ ‘ಚೆನ್ನಾಗಿದೆ’, ‘ಸುಮಾರು’, ‘ಚೆನ್ನಾಗಿಲ್ಲ’ ಎಂಬ ಗುರುತುಗಳ ಕೆಳಗೆ ಇಡುವನು. ಈಗ ಇದೇ ಕ್ರಮವು ಟ್ಯಾಬ್ಲೆಟ್ಟಿನ ಪರದೆಯ ಮೇಲೂ ನಡೆಯುತ್ತದೆ.

ಇಷ್ಟರಿಂದಲೇ ವೈದ್ಯನ ಹೊಣೆಯು ತೀರಿತೆಂದು ತಿಳಿಯಲಾಗದು. ಚಿತ್ರಗಳನ್ನು ಆರಿಸುವವನು ಬೇರೊಬ್ಬನಷ್ಟೆ. ಹೊಟ್ಟೆಯ ಚಿತ್ರವನ್ನು ಕೊಟ್ಟು ಎದೆಯದನ್ನು ಮರೆತರೆ, ಎದೆನೋವು ಹೇಳಲ್ಪಡದೆಯೇ ಉಳಿಯುವುದು. ಇದಲ್ಲದೆ, ಆಜ್ಞೆಗಳಿಗೆ ತಲೆಬಾಗಿ ಬೆಳೆದವನು ಕೇಳಿದ್ದಕ್ಕೆಲ್ಲ ‘ಹೌದು’ ಎನ್ನುವುದುಂಟು. ಆದುದರಿಂದ ಅದೇ ಪ್ರಶ್ನೆಯನ್ನು ತಿರುಗಿಸಿ, ತುಸು ತಡೆದು, ಮತ್ತೆ ಕೇಳಬೇಕು.

‘ಜೊತೆಗೆ ಬಂದ ತಾಯಿಯನ್ನು ಕೇಳಿದರಾಗದೆ?’ ಎಂದು ಆಕ್ಷೇಪಿಸಬಹುದು. ಮಗನ ಮುಖದ ಸಣ್ಣ ವ್ಯತ್ಯಾಸವನ್ನೂ ಬಲ್ಲ ಆಕೆಯ ಮಾತು ಅಮೂಲ್ಯವಾದುದೇ. ಆದರೂ ಆಕೆಯು ಸಾಕ್ಷಿ, ನೊಂದವನು ಅವನು. ನಿರ್ಧಾರಕ್ಕೆ ನೆರವಾಗುವ ಸಾಧ್ಯವಾದ ಯತ್ನಗಳೆಲ್ಲ ವಿಫಲವಾದ ಹೊರತು ಯಾರನ್ನೂ ಅಸಮರ್ಥನೆಂದು ಎಣಿಸಕೂಡದೆಂದು ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯದ ಶಾಸನವು ವಿಧಿಸುತ್ತದೆ. ಇದು ನ್ಯಾಯವಾದ ನಿಯಮವು.

ಇಂತಹ ರೋಗಿಗೆ ಕೊಡುವ ಹೆಚ್ಚಿನ ಹೊತ್ತನ್ನು ಕೆಲವರು ದಯೆಯೆಂದು ಕರೆಯುವರು. ಅದು ಪರೀಕ್ಷೆಯ ಮೂರನೆಯ ಅಂಗವೇ ಆಗಿದೆ. ಪ್ರಶ್ನವು ಮುಗಿಯುವ ಮೊದಲೇ ಬರೆದುಕೊಟ್ಟ ಔಷಧವು, ಯಾವ ಯಂತ್ರವು ಮೇಜಿನ ಮೇಲಿದ್ದರೂ, ಊಹೆಯ ಔಷಧವೇ ಸರಿ.