ಛಲದ ಪಾಲೆಷ್ಟು?

ಬಿಡದೆ ಬೆನ್ನುಹತ್ತಿದರೆ ಬೇಕಾದ ಕೆಲಸ ಸಿಕ್ಕೇ ಸಿಗುತ್ತದೆ ಎನ್ನುವವರು ಸಾಮಾನ್ಯವಾಗಿ ಕೆಲಸ ಸಿಕ್ಕವರೇ. ಸಿಗದವರನ್ನು ಭಾಷಣಕ್ಕೆ ಯಾರು ಕರೆಯುತ್ತಾರೆ? ಛಲವೊಂದೇ ಸಾಕೆಂಬ ಈ ಮಾತನ್ನು ಒರೆಗೆ ಹಚ್ಚಲು ನಮ್ಮ ಕರಾವಳಿಯವರಿಗೆ ಸೌದಿ ಅರೇಬಿಯಕ್ಕಿಂತ ಒಳ್ಳೆಯ ಜಾಗವಿಲ್ಲ. ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡಿನಿಂದ ದಮ್ಮಾಮ್, ಜುಬೈಲ್, ರಿಯಾದ್‌ಗೆ ಹೋದವರಲ್ಲಿ ಛಲಕ್ಕೇನೂ ಬರವಿರಲಿಲ್ಲ. ಆದರೆ ಅವರ ಇಖಾಮಾ (ವಾಸದ ಪರವಾನಗಿ) ಕಫೀಲನಿಗೆ, ಅಂದರೆ ಪ್ರಾಯೋಜಕ ಮಾಲೀಕನಿಗೆ, ಕಟ್ಟಿಹಾಕಿದಂತಿತ್ತು. ಇಂಟರ್‌ವ್ಯೂ ಪಾಸಾದರೂ ಆತ ರಿಲೀಸ್ ಕೊಡದೆ ಸಾಮಾನ್ಯವಾಗಿ ಬೇರೆ ಕಂಪನಿ ಸೇರುವಂತಿರಲಿಲ್ಲ. ಯಾರಲ್ಲಿ ಬೇಕಾದರೂ ದುಡಿಯಬಹುದೆಂದು ನಂಬಿ, ಲಕ್ಷಗಟ್ಟಲೆ ಸುರಿದು ‘ಫ್ರೀ ವೀಸಾ’ ಕೊಂಡವರೂ ಇದ್ದರು. ಕಾನೂನಿನ ಲೆಕ್ಕದಲ್ಲಿ ಅಂಥದ್ದೊಂದು ವೀಸಾವೇ ಇಲ್ಲ. 2021ರ ಮಾರ್ಚ್ 14ರಂದು ನಿಯಮ ಬದಲಾಯಿತು: ಖಾಸಗಿ ಕಂಪನಿಯಲ್ಲಿ ಒಂದು ವರ್ಷ ದುಡಿದವರು ನೋಟಿಸ್ ಕೊಟ್ಟು, ಮಾಲೀಕನ ಒಪ್ಪಿಗೆಯಿಲ್ಲದೆಯೇ ಬೇರೆಡೆ ಸೇರಬಹುದಾಯಿತು. ಮನೆಗೆಲಸದವರು, ಹೌಸ್ ಡ್ರೈವರ್‌ಗಳು, ಕುರಿ ಕಾಯುವವರು ಈ ಸವಲತ್ತಿನಿಂದ ಹೊರಗುಳಿದರು. ಹಿಂದಿನ ದಿನಕ್ಕಿಂತ ಅಂದು ಯಾರ ಛಲವೂ ಹೆಚ್ಚಿರಲಿಲ್ಲ. ಫಲ ಮಾತ್ರ ಕೆಲವರಿಗೆ ಎಟುಕುವಂತಾಯಿತು.

ಫಲಕ್ಕೆ ಛಲವೊಂದೇ ಸಾಲದೆಂಬುದು ಹೊಸ ಮಾತಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕೆಲಸ ಕೈಗೂಡಲು ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ (ನೆಲೆ), ಕರ್ತೃ (ಮಾಡುವವ), ಕರಣ (ಸಾಧನ), ಚೇಷ್ಟೆ (ಪ್ರಯತ್ನ), ದೈವ. ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನ ತಿಳಿವಳಿಕೆ ಸಾಲದು ಎಂದೂ ಅಲ್ಲೇ ಇದೆ. ವ್ಯಾಖ್ಯಾನಕಾರರು ಅಧಿಷ್ಠಾನವೆಂದರೆ ದೇಹ ಎನ್ನುತ್ತಾರೆ. ವಲಸೆ ಕಾರ್ಮಿಕನ ಮಟ್ಟಿಗೆ ಅವನು ನಿಂತ ನೆಲದ ಕಾನೂನನ್ನೂ ಅದರಲ್ಲಿ ಸೇರಿಸಬೇಕೆಂದು ನನ್ನ ವಾದ. ಇಸ್ಲಾಮಿನ ತವಕ್ಕುಲ್ (ದೇವರಲ್ಲಿ ಭರವಸೆ) ವಿಚಾರವೂ ಇದರಿಂದ ದೂರದ್ದಲ್ಲ. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ದೇವರ ಮೇಲೆ ಭರವಸೆಯಿಡು ಎಂದು ಪ್ರವಾದಿಯವರು ಹೇಳಿದ್ದನ್ನು ತಿರ್ಮಿದಿಯವರ ಹದೀಸ್ ಸಂಗ್ರಹ ದಾಖಲಿಸಿದೆ. ಕಟ್ಟುವುದು ನಮ್ಮ ಹೊಣೆ, ಆದರೆ ಕಟ್ಟಿದ್ದಕ್ಕೇ ಒಂಟೆ ಉಳಿಯಿತು ಎಂದು ಬೀಗುವಂತಿಲ್ಲ.

ಹೀಗೆಂದರೆ ಜನ ಹಣೆಬರಹ ಎಂದು ಕೈಚೆಲ್ಲುವುದಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ಬರಲಿ. ಕೈಚೆಲ್ಲುವವನು ಪ್ರಯತ್ನದ ಪಾಲನ್ನು ಸೊನ್ನೆ ಮಾಡುತ್ತಾನೆ, ಭಾಷಣಕಾರ ಅದನ್ನೇ ಪೂರ್ತಿ ಮಾಡುತ್ತಾನೆ. ಲೆಕ್ಕ ಇಬ್ಬರದೂ ತಪ್ಪು. ಸುಳ್ಳಾದರೂ ಭರವಸೆ ಕೊಡುವ ಮಾತು ಉಪಯುಕ್ತವಲ್ಲವೇ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಅರ್ಜಿ ಹಾಕುವ ದಿನ ಅದರಿಂದ ಉಪಯೋಗವಿರಬಹುದು. ಸೋತ ದಿನ ಅದೇ ಸುಳ್ಳು ತೀರ್ಪಾಗಿ ತಿರುಗುತ್ತದೆ. ಕೆಲಸ ಮುಗಿದು ಎಕ್ಸಿಟ್ ವೀಸಾದಲ್ಲಿ ಊರಿಗೆ ಬಂದ ಹೌಸ್ ಡ್ರೈವರ್‌ಗೆ ‘ಇನ್ನೊಂದಿಷ್ಟು ಪ್ರಯತ್ನ ಮಾಡಬೇಕಿತ್ತು’ ಎನ್ನುವವರು, ಅವನ ಇಖಾಮಾದಲ್ಲಿ ಯಾವ ಕೆಲಸ ಬರೆದಿತ್ತು ಎಂದು ಮಾತ್ರ ಕೇಳುವುದಿಲ್ಲ.